ಗೆರೆ ಎಳೆದ ಭಾಗ

ನಾನು ಹೆಣ ಕೊಯ್ಯುವವಳು. ಕೊಯ್ದದ್ದನ್ನು ಹೊಲಿಯುವವಳೂ ನಾನೇ. ಆಸ್ಪತ್ರೆಯಲ್ಲಿ ನನಗೆ ಹೊಲಿಗೆಯಮ್ಮ ಅಂತಲೇ ಹೆಸರು. ಹೊಸದಾಗಿ ಸೇರಿದ ನರ್ಸೊಬ್ಬಳು ನಾನು ದರ್ಜಿ ಅಂದುಕೊಂಡು ತನ್ನ ಹರಿದ ಅಂಗಿ ತಂದುಕೊಟ್ಟಿದ್ದಳು. ಹೊಲಿದುಕೊಟ್ಟೆ. ಆಮೇಲೆ ಯಾರೋ ಹೇಳಿರಬೇಕು. ಆ ಅಂಗಿಯನ್ನು ಅವಳು ಮತ್ತೆ ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ.

ಇದು ಮೊದಲು ನನ್ನ ಗಂಡನ ಕೆಲಸ. ಅವನು ತೀರಿಹೋದ ಮೇಲೆ, ಹೆಂಗಸರ ಹೆಣಕ್ಕೆ ಒಬ್ಬ ಹೆಂಗಸು ಇದ್ದರೆ ಒಳ್ಳೆಯದು ಅಂತ ನನ್ನನ್ನು ಕರೆದರು. ಮೊದಲ ವಾರ ಹೆಂಗಸರ ಹೆಣ. ಎರಡನೇ ವಾರದಿಂದ ಎಲ್ಲರದೂ. ಹದಿನಾರು ವರ್ಷವಾಯಿತು. ಇನ್ನೂ ದಿನಗೂಲಿ.

ಕೆಲಸ ಹೀಗೆ. ಹೆಣ ಬರುತ್ತದೆ. ಮೈಮೇಲಿನ ಬಟ್ಟೆ ಕತ್ತರಿಸಿ ತೆಗೆಯುತ್ತೇನೆ. ತೊಳೆಯುತ್ತೇನೆ. ಕುತ್ತಿಗೆಯ ಬುಡದಿಂದ ಕಿಬ್ಬೊಟ್ಟೆಯವರೆಗೆ ಒಂದೇ ಎಳೆತ. ಪಕ್ಕೆಲುಬು ಕತ್ತರಿಸಲು ತೋಳಿನ ಬಲ ಬೇಕು. ತಲೆಬುರುಡೆಗೆ ಗರಗಸ ಎಳೆದ ದಿನ ಭುಜ ಬಿದ್ದುಹೋಗುತ್ತದೆ, ತಲೆ ಬಾಚಿಕೊಳ್ಳಲು ಕೈ ಏಳುವುದಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತಿರುತ್ತಾರೆ. ಮೂಗಿಗೆ ಕರವಸ್ತ್ರ. ನಾನು ಒಂದೊಂದನ್ನೇ ಎತ್ತಿ ಹೇಳುತ್ತೇನೆ. ‘ಲಿವರ್ ಊದಿದೆ ಸಾರ್. ಹೊಟ್ಟೇಲಿ ಏನೂ ಇಲ್ಲ ಸಾರ್.’ ಅವರು ಬರೆದುಕೊಳ್ಳುತ್ತಾರೆ. ಆಮೇಲೆ ನಾನು ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟು ಹೊಲಿಯುತ್ತೇನೆ. ಕೊನೆಗೆ ಒಂದು ಫಾರಂ ಬರುತ್ತದೆ. ಅದರ ಬುಡದಲ್ಲಿ ಸಹಾಯಕರ ಸಹಿಗೆ ಒಂದು ಜಾಗ. ಅಲ್ಲಿ ಸಹಿ ಹಾಕುತ್ತೇನೆ. ಮೇಲೆ ಏನು ಬರೆದಿದೆ ಅಂತ ಓದಿದವಳಲ್ಲ. ಅದು ಇಂಗ್ಲಿಷು. ನಾನು ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿ ಮನೆ ಸೇರಿದವಳು.

ಹೀಗಿರುವಾಗ ಬೋರ್ಡಿಗೆ ಒಂದು ನೋಟೀಸು ಬಿತ್ತು. ಗುಮಾಸ್ತರನ್ನು ಕೇಳಿದೆ.

“ನಿನ್ನ ಹುದ್ದೆ ಕಾಯಂ ಮಾಡ್ತಾರಂತೆ,” ಅಂದರು.

ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟೆ.

“ಆದ್ರೆ ಪರೀಕ್ಷೆ ಬರೀಬೇಕು. ಇಂಗ್ಲಿಷ್ ವ್ಯಾಕರಣ. ನೂರಕ್ಕೆ ಅರವತ್ತು ಬಂದ್ರೆ ನೀನು. ಇಲ್ದಿದ್ರೆ ಹೊರಗಿಂದ ಇನ್ಯಾರನ್ನೋ ತಗೋತಾರೆ.”

“ಹೆಣದ ಜೊತೆ ಇಂಗ್ಲಿಷಲ್ಲಿ ಮಾತಾಡಬೇಕಾ ಸಾರ್?”

ಅವರು ನಕ್ಕರು. “ಎಲ್ಲ ಹುದ್ದೆಗೂ ಒಂದೇ ಪರೀಕ್ಷೆ ಕಣಮ್ಮ. ಡ್ರೈವರಿಗೂ ಅದೇ, ಸ್ಟೋರಿನವನಿಗೂ ಅದೇ. ಯಾರೋ ಮೇಲೆ ಕೂತು ಮಾಡಿದ್ದು. ಇನ್ನೂ ಮೂರು ತಿಂಗಳಿದೆ, ಓದ್ಕೋ.”

ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಗೈಡು ಸಿಕ್ಕಿತು. ಅದರಲ್ಲಿ ಅರ್ಧಕ್ಕರ್ಧ ಒಂದೇ ಬಗೆಯ ಪ್ರಶ್ನೆ. ವಾಕ್ಯ ತಿದ್ದುವುದು. ಒಂದು ವಾಕ್ಯ ಕೊಟ್ಟು ಅದರ ಒಂದು ಭಾಗಕ್ಕೆ ಅಡಿಗೆರೆ ಎಳೆದಿರುತ್ತಾರೆ. ಕೆಳಗೆ ಐದು ಉತ್ತರ. ಮೊದಲನೆಯದು, ‘ಎ’, ಯಾವಾಗಲೂ ಮೂಲದ ಹಾಗೇ ಇರುತ್ತದೆ. ತಪ್ಪೇನೂ ಇಲ್ಲ ಅನ್ನಿಸಿದರೆ ‘ಎ’ಗೆ ಗುರುತು ಹಾಕಬೇಕು. ತಪ್ಪಿದ್ದರೆ ಉಳಿದ ನಾಲ್ಕರಲ್ಲಿ ಸರಿಯಾದದ್ದು ಯಾವುದು ಅಂತ ಹುಡುಕಬೇಕು.

ಮೊದಲ ದಿನ ಮೂವತ್ತು ಪ್ರಶ್ನೆಗೂ ‘ಎ’ ಹಾಕಿದೆ. ಅಚ್ಚಾದ ಇಂಗ್ಲಿಷಿನಲ್ಲಿ ತಪ್ಪಿರುತ್ತದೆ ಅಂತ ನನ್ನ ತಲೆಗೇ ಹೊಳೆಯಲಿಲ್ಲ.

ಸೈಕಲ್ ಅಂಗಡಿಯ ಮಹಡಿಯಲ್ಲಿ ಸಂಜೆ ಟ್ಯೂಷನ್ ನಡೆಯುತ್ತಿತ್ತು. ಸೇರಿಕೊಂಡೆ. ನನ್ನ ಮಗಳಿಗಿಂತ ಚಿಕ್ಕವರು ಮೂವತ್ತು ಮಂದಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ನನ್ನ ಕೈಯಿಂದ ಔಷಧದ ವಾಸನೆ ಹೋಗುವುದಿಲ್ಲ. ಮೊದಲ ದಿನ ಪಕ್ಕದ ಹುಡುಗಿ ಎದ್ದು ಹಿಂದೆ ಹೋದಳು. ಎರಡನೇ ದಿನ ಮುಂದಿನ ಬೆಂಚು ಖಾಲಿಯಾಯಿತು. ಮೂರನೇ ದಿನ ಮೇಷ್ಟ್ರು ಮೆತ್ತಗೆ ಹೇಳಿದರು: “ನೀವು ಕಿಟಕಿ ಹತ್ರ ಕೂತ್ಕೊಳ್ಳಿ. ಗಾಳಿ ಬರುತ್ತೆ.”

ಗಾಳಿ ಬೇಕಾದದ್ದು ನನಗಲ್ಲ. ಆದರೂ ಹೋಗಿ ಕೂತೆ. ಮೂರು ಜನ ಕೂರುವ ಬೆಂಚು. ಮೂರು ತಿಂಗಳು ನಾನೊಬ್ಬಳೇ ಅದರ ಒಡತಿ.

ಮೇಷ್ಟ್ರು ಕೆಟ್ಟವರಲ್ಲ. ಪಾಠ ಚೆನ್ನಾಗಿ ಮಾಡುತ್ತಿದ್ದರು. “ಕರ್ತೃ ಯಾರು ಅಂತ ಮೊದಲು ಹುಡುಕಿ. ಕೆಲಸ ಮಾಡಿದವರು ಯಾರು? ಅದು ಸಿಕ್ಕಿದ್ರೆ ಅರ್ಧ ಪ್ರಶ್ನೆ ಮುಗೀತು,” ಅನ್ನುತ್ತಿದ್ದರು. ಒಂದು ದಿನ ಹಲಗೆಯ ಮೇಲೆ ಒಂದು ವಾಕ್ಯ ಬರೆದರು. ‘ಹ್ಯಾವಿಂಗ್ ಈಟನ್ ದಿ ಬ್ರೆಡ್, ದಿ ಪ್ಲೇಟ್ ವಾಸ್ ವಾಶ್ಡ್.’ ಬ್ರೆಡ್ಡು ತಿಂದಾದ ಮೇಲೆ ತಟ್ಟೆ ತೊಳೆಯಲಾಯಿತು.

“ಬ್ರೆಡ್ ತಿಂದದ್ದು ಯಾರು?” ಅಂದರು.

ಸೀಮೆಸುಣ್ಣದಲ್ಲಿ ‘ಪ್ಲೇಟ್’ ಕೆಳಗೆ ಗೆರೆ ಎಳೆದರು.

“ಈ ವಾಕ್ಯದ ಪ್ರಕಾರ ತಟ್ಟೆ ತಿಂದಿದೆ!”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಗೋಡೆ.

“ಕಾಮಾ ಆದ ತಕ್ಷಣ ಯಾರು ಬರ್ತಾರೋ, ಹಿಂದಿನ ಕೆಲಸ ಅವರೇ ಮಾಡಿದ್ದು ಅಂತ ಅರ್ಥ. ಅದಕ್ಕೇ ಅಲ್ಲಿ ಕೆಲಸ ಮಾಡಿದವನನ್ನೇ ನಿಲ್ಲಿಸಬೇಕು,” ಅಂದರು ಮೇಷ್ಟ್ರು. “ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು ಆದ್ರೆ ಅದು ತಪ್ಪು ವಾಕ್ಯ.”

ನಾನು ಪುಸ್ತಕದಲ್ಲಿ ಬರೆದುಕೊಂಡೆ.

ಮಗಳು ಭಾನುವಾರ ಫೋನ್ ಮಾಡುತ್ತಾಳೆ. ಗಂಡನ ಮನೆಯಲ್ಲಿ ಮಹಡಿ ಹತ್ತಿ, ಬಟ್ಟೆ ಒಣಗಿಸುವ ಜಾಗದಲ್ಲಿ ನಿಂತು ಮಾತಾಡುತ್ತಾಳೆ. ನಾನು ಆಸ್ಪತ್ರೆಯ ಬಟ್ಟೆ ಹೊಲಿಯುವ ವಿಭಾಗದಲ್ಲಿ ಇದ್ದೇನೆ ಅಂತ ಅಲ್ಲಿ ಹೇಳಿದ್ದಾಳೆ. ಪರೀಕ್ಷೆಯ ವಿಷಯ ತಿಳಿಸಿದೆ.

“ಪಾಸಾದ್ರೆ ಹುದ್ದೆ ಹೆಸರು ಏನಿರತ್ತಮ್ಮ?”

“ಶವಾಗಾರ ಸಹಾಯಕಿ.”

ಆ ಕಡೆ ಬಟ್ಟೆ ಗಾಳಿಗೆ ಬಡಿದುಕೊಳ್ಳುವ ಸದ್ದು.

“ಬೇರೆ ಹೆಸರು ಇಲ್ವಾ?” ಅಂದಳು.

ನನ್ನ ಮೇಲೆ ಅವಳಿಗೆ ಪ್ರೀತಿ ಇಲ್ಲ ಅಂತಲ್ಲ. ನನ್ನ ಕೈಯ ಅನ್ನ ತಿಂದೇ ಬೆಳೆದವಳು. ಅವಳಿಗೆ ಹೆದರಿಕೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾದರೂ ಫೋನ್ ಇಟ್ಟ ಮೇಲೆ ನಾನು ಒಬ್ಬಳೇ.

ಮಧ್ಯಾಹ್ನ ಹೆಣ ಇಲ್ಲದ ಹೊತ್ತಿನಲ್ಲಿ ಶವಾಗಾರದ ಹೊಸ್ತಿಲ ಮೇಲೆ ಕೂತು ಗೈಡು ಬಿಡಿಸುತ್ತಿದ್ದೆ. ಎರಡನೇ ತಿಂಗಳಿಗೆ ಮೂವತ್ತರಲ್ಲಿ ಹದಿನೆಂಟು ಸರಿಯಾಗತೊಡಗಿತು. ಗೈಡಿನ ಪ್ರಶ್ನೆ ಮುಗಿದುಹೋದವು. ಕಪಾಟಿನಲ್ಲಿ ಹಳೇ ವರದಿಗಳ ಕಾರ್ಬನ್ ಪ್ರತಿಗಳಿದ್ದವು. ಅವನ್ನೇ ತೆಗೆದು ಓದತೊಡಗಿದೆ. ಒಂದರಲ್ಲಿ ‘ದಿ ಕಿಡ್ನೀಸ್ ಈಸ್’ ಅಂತ ಇತ್ತು. ಈಸ್ ಅಲ್ಲ, ಆರ್! ಡಾಕ್ಟರ ತಪ್ಪನ್ನು ನಾನು ಹಿಡಿದಿದ್ದೆ. ಕುಣಿಯುವಷ್ಟು ಖುಷಿ. ಹೇಳೋಣ ಅಂದರೆ ಸುತ್ತ ಯಾರೂ ಇಲ್ಲ. ಒಳಗೆ ಮಲಗಿದ್ದ ಮುದುಕನಿಗೆ ಹೇಳಿದೆ. “ನೋಡಿ ತಾತ, ನಿಮ್ಮ ಡಾಕ್ಟರಿಗೇ ಬರಲ್ಲ.”

ಆಮೇಲೆ ಇನ್ನೊಂದು ತೆಗೆದೆ. ಅದರ ಎರಡನೇ ಸಾಲು: ‘ಹ್ಯಾವಿಂಗ್ ಓಪನ್ಡ್ ದಿ ಬಾಡಿ, ಐ ಫೌಂಡ್…’ ದೇಹವನ್ನು ತೆರೆದು, ನಾನು ಕಂಡದ್ದು.

ಕಾಮಾ. ಕಾಮಾ ಆದ ಮೇಲೆ ‘ಐ’. ನಾನು.

ಆ ನಾನು, ನಾನಲ್ಲ. ಕೆಳಗೆ ಡಾಕ್ಟರ ಸಹಿ.

ಇನ್ನೊಂದು ತೆಗೆದೆ. ಅದರಲ್ಲೂ ಅದೇ. ಮತ್ತೊಂದು. ಅದೇ. ಮಧ್ಯಾಹ್ನವೆಲ್ಲ ಓದಿದೆ. ಹದಿನಾರು ವರ್ಷದಿಂದ ಅವರು ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತೇ ಸಾವಿರಾರು ಎದೆ ತೆರೆದಿದ್ದಾರೆ. ಅವರೇ ಬುರುಡೆ ಗರಗಸದಿಂದ ಕೊಯ್ದಿದ್ದಾರೆ. ಅವರೇ ಹೊಲಿದಿದ್ದಾರೆ. ನನ್ನ ಭುಜ ನೋಯುತ್ತಿತ್ತು. ಆ ನೋವಾದರೂ ಯಾರದು ಅಂತ ಕೇಳಬೇಕು ಅನ್ನಿಸಿತು. ಕಪಾಟು ಮುಚ್ಚಿದೆ. ಏನೂ ಮಾಡಲಿಲ್ಲ. ಮಾರನೇ ದಿನ ಎರಡು ಹೆಣ ಬಂದವು. ಎರಡಕ್ಕೂ ಸಹಿ ಹಾಕಿದೆ.

ಪರೀಕ್ಷೆಗೆ ಆರು ದಿನ ಇತ್ತು. ಬೆಳಿಗ್ಗೆ ಒಂದು ಹುಡುಗಿಯನ್ನು ತಂದರು. ಇಪ್ಪತ್ತೆರಡು ವರ್ಷ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವಳು. ಬಣ್ಣದ ತೊಟ್ಟಿ ತೊಳೆಯಲು ಒಳಗೆ ಇಳಿಸಿದ್ದಾರೆ. ಮೇಲೆ ಬರಲಿಲ್ಲ. ಉಗುರಿನೊಳಗೆಲ್ಲ ನೀಲಿ. ಎಷ್ಟು ತೊಳೆದರೂ ಹೋಗಲಿಲ್ಲ. ನನ್ನ ಕೈಯ ವಾಸನೆಯ ಹಾಗೆ.

ಎದೆ ತೆರೆದೆ. ಒಳಗಿನಿಂದ ಬಂದ ಘಾಟಿಗೆ ಕಣ್ಣು ಉರಿದು ನೀರು ಸುರಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಹೋದೆ. ಶ್ವಾಸಕೋಶ ನೀರು ಕುಡಿದ ಹಾಗೆ ಭಾರ. ಹಿಸುಕಿದರೆ ಕೆಂಪು ನೊರೆ. ಗಂಟಲ ಒಳಗೋಡೆ ಬೆಂದುಹೋಗಿತ್ತು. ಹೃದಯ ಕೈಗೆ ತೆಗೆದುಕೊಂಡೆ. ಕೊಯ್ದು ನೋಡಿದೆ. ಕೆಟ್ಟ ಹೃದಯಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಳದಿ ಕೊಬ್ಬು, ಸುಣ್ಣ ಕಟ್ಟಿದ ನಾಳ. ಇದು ಹಾಗಿರಲಿಲ್ಲ. ಇನ್ನೂ ಐವತ್ತು ವರ್ಷ ಬಡಿಯಬೇಕಾದ ಹೃದಯ.

“ಕೆಟ್ಟ ಗಾಳಿ ಕುಡಿದು ಸತ್ತಿದ್ದಾಳೆ ಸಾರ್. ಗಂಟಲು ಬೆಂದಿದೆ. ಶ್ವಾಸಕೋಶ ಸುಟ್ಟಿದೆ. ಹೃದಯ ಚೆನ್ನಾಗಿದೆ ಸಾರ್,” ಅಂತ ಕೂಗಿ ಹೇಳಿದೆ.

ಡಾಕ್ಟರು ಬರೆಯಲಿಲ್ಲ. ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ನಿಂತಿದ್ದ. ಕಾರ್ಖಾನೆಯ ಕಡೆಯವನು.

“ಹೊಲಿ,” ಅಂದರು ಡಾಕ್ಟರು.

ಸ್ಟೋರಿನಲ್ಲಿ ಬಿಳಿ ದಾರ ಮುಗಿದು ವಾರವಾಗಿತ್ತು. ನಾನು ಮನೆಯಿಂದ ತಂದಿಟ್ಟಿದ್ದ ಕಪ್ಪು ದಾರದಲ್ಲಿ ಹೊಲಿದೆ. ಹುಡುಗಿ ಚಿಕ್ಕವಳು. ಒತ್ತೊತ್ತಾಗಿ, ಸಣ್ಣಗೆ ಹೊಲಿದೆ.

ಹೊರಗೆ ಅವಳ ತಾಯಿ ನೆಲದ ಮೇಲೆ ಕೂತಿದ್ದಳು. ನನ್ನ ಸೆರಗು ಹಿಡಿದುಕೊಂಡಳು. “ಅಕ್ಕಾ, ನನ್ನ ಮಗಳಿಗೆ ಏನಾಗಿತ್ತು? ನೀವು ನೋಡಿದ್ರಲ್ಲ?”

“ಡಾಕ್ಟರು ಬರೀತಾರೆ,” ಅಂದೆ.

ಹದಿನಾರು ವರ್ಷದಿಂದ ಕೇಳಿದವರಿಗೆಲ್ಲ ಇದನ್ನೇ ಹೇಳಿದ್ದೇನೆ.

ಮಾರನೇ ದಿನ ಫಾರಂ ಬಂತು. ಸಹಿಗೆ ಪೆನ್ನು ತೆಗೆದವಳು ಮೇಲಿನ ಸಾಲು ಓದಿದೆ. ‘ಹ್ಯಾವಿಂಗ್ ಓಪನ್ಡ್ ದಿ ಚೆಸ್ಟ್, ಐ ಫೌಂಡ್ ದಿ ಹಾರ್ಟ್ ಡಿಸೀಸ್ಡ್.’ ಎದೆಯನ್ನು ತೆರೆದು, ಹೃದಯ ರೋಗಗ್ರಸ್ತವಾಗಿದ್ದುದನ್ನು ನಾನು ಕಂಡೆನು.

ಎರಡು ಸಲ ಓದಿದೆ. ಮೂರು ಸಲ ಓದಿದೆ. ಕ್ರಿಯಾಪದ ಸರಿ. ಕಾಮಾ ಸರಿ. ಗೈಡಿನಲ್ಲಿ ಈ ವಾಕ್ಯ ಬಂದಿದ್ದರೆ ‘ಎ’. ತಪ್ಪೇನೂ ಇಲ್ಲ.

ಫಾರಂ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದೆ. ಹದಿನಾರು ವರ್ಷದಲ್ಲಿ ಆ ಕೋಣೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು.

“ಸಾರ್, ಇದರಲ್ಲಿ ತಪ್ಪಿದೆ.”

ಅವರು ತಲೆ ಎತ್ತಿದರು. ನಗು ಬಂತು ಅವರಿಗೆ. “ಓಹೋ, ಟ್ಯೂಷನ್‌ಗೆ ಹೋಗ್ತಿದ್ದೀಯಂತೆ! ಎಲ್ಲಿ ತಪ್ಪು? ತೋರಿಸು.”

ಬೆರಳಿಟ್ಟು ತೋರಿಸಿದೆ. ಅವರು ಓದಿದರು. “ಸರಿಯಾಗೇ ಇದೆಯಲ್ಲ. ಇನ್ನೂ ಚೆನ್ನಾಗಿ ಓದ್ಕೋ. ಹೀಗಾದ್ರೆ ಫೇಲಾಗ್ತೀಯ.”

“ವ್ಯಾಕರಣ ಸರಿ ಇದೆ ಸಾರ್.”

“ಮತ್ತೆ?”

“ಹೃದಯ ಚೆನ್ನಾಗಿತ್ತು. ಎದೆ ತೆರೆದದ್ದು ನೀವಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು.

“ನೋಡು ಹೊಲಿಗೆಯಮ್ಮ. ಕಾಯಂ ಆಗೋ ಹೊತ್ತಲ್ಲಿ ಇದೆಲ್ಲ ಬೇಡ. ಪರೀಕ್ಷೆ ಪಾಸಾದ್ರೂ ಆಮೇಲೆ ಆಯ್ಕೆ ಸಮಿತಿ ಅಂತ ಒಂದಿದೆ. ಅದರಲ್ಲಿ ನಾನೂ ಇದ್ದೀನಿ. ಸಹಿ ಹಾಕು, ಹೋಗು.”

“ಹಾಕಲ್ಲ ಸಾರ್.”

“ಏನಂದೆ?”

“ಹಾಕಲ್ಲ.”

ಫಾರಂ ಮೇಜಿನ ಮೇಲಿಟ್ಟು ಹೊರಗೆ ಬಂದೆ. ವರಾಂಡದಲ್ಲಿ ಮೂರು ನರ್ಸುಗಳು ಕೇಳಿಸಿಕೊಂಡಿದ್ದರು. ನಾನು ಹತ್ತಿರ ಬರುತ್ತಲೇ ಮಾತು ನಿಲ್ಲಿಸಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ನಾನು ಸಹಿ ಹಾಕಲಿಲ್ಲ ಅಂತ ಏನೂ ನಿಲ್ಲಲಿಲ್ಲ. ಆ ಜಾಗದಲ್ಲಿ ಸ್ಟೋರಿನವನ ಸಹಿ ಹಾಕಿಸಿದರು. ಅವನು ಶವಾಗಾರದ ಬಾಗಿಲನ್ನೂ ದಾಟಿದವನಲ್ಲ. ವರದಿ ತಾಯಿಯ ಕೈಗೆ ಹೋಯಿತು. ಯಾರೋ ಓದಿ ಹೇಳಿದರು. ಅವಳು ಹೆಣ ತೆಗೆದುಕೊಳ್ಳುವುದಿಲ್ಲ ಅಂದಳು.

“ಎರಡೆರಡು ಕೊಡ ಬಣ್ಣ ಹೊತ್ಕೊಂಡು ಏಣಿ ಹತ್ತೋಳು ನನ್ನ ಮಗಳು. ಅವಳಿಗೆ ಹೃದಯದ ಕಾಯಿಲೆನಾ? ನನಗೆ ಈ ಕಾಗದ ಬೇಡ. ನಿಜ ಬರೆದ ಕಾಗದ ಕೊಟ್ಟ ಮೇಲೇ ಮಗಳನ್ನ ಕರ್ಕೊಂಡು ಹೋಗ್ತೀನಿ.”

ಶವಾಗಾರದ ಎದುರಿನ ಮರದ ಕೆಳಗೆ ಕೂತುಬಿಟ್ಟಳು. ಪೊಲೀಸರು ಹೇಳಿದರು, ಏಳಲಿಲ್ಲ. ಕಾರ್ಖಾನೆಯವರು ಬಂದು ಹೋದರು, ಏಳಲಿಲ್ಲ. ನಾನು ದಿನಾ ಅವಳ ಮುಂದೆಯೇ ಹಾದುಹೋಗುತ್ತಿದ್ದೆ. ಮುಖ ಎತ್ತಿ ನೋಡುವ ಧೈರ್ಯ ಇರಲಿಲ್ಲ. ಸಹಿ ಹಾಕಲಿಲ್ಲ ಅಂತ ಬೀಗುವಂಥದ್ದೇನೂ ನಾನು ಮಾಡಿರಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಬಾಯಲ್ಲೇ ಇತ್ತು.

ಪರೀಕ್ಷೆಯ ದಿನ ಬಂತು. ದೊಡ್ಡ ಹಾಲು. ನಂಬರಿನ ಪ್ರಕಾರ ಕುರ್ಚಿ. ಎಡಕ್ಕೊಬ್ಬ, ಬಲಕ್ಕೊಬ್ಬಳು. ಅವರು ಏಳುವ ಹಾಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಎರಡೂ ಕಡೆ ಜೀವ ಇರುವ ಮನುಷ್ಯರು ನನ್ನ ತೋಳಿಗೆ ತೋಳು ತಾಗುವ ಹಾಗೆ ಕೂತಿದ್ದರು. ಬಲಗಡೆಯವಳು ಮೂಗು ಉಜ್ಜಿಕೊಂಡಳು. ನಾನು ಮೊಣಕೈ ಒಳಕ್ಕೆ ಎಳೆದುಕೊಂಡೆ.

ಪ್ರಶ್ನೆಗಳು ಕಷ್ಟವೇನಲ್ಲ ಅನ್ನಿಸಿತು. ಹ್ಯಾಸ್, ಹ್ಯಾವ್. ಹೂ, ಹೂಮ್. ಕರ್ತೃ ಹುಡುಕು, ಕ್ರಿಯಾಪದ ಜೋಡಿಸು. ನಲವತ್ತೊಂದನೇ ಪ್ರಶ್ನೆಗೆ ಬಂದೆ. ಅದರ ವಾಕ್ಯ: ‘ನೆಲ ಒರೆಸಿ, ಕೋಣೆಗೆ ಬೀಗ ಹಾಕಲಾಯಿತು.’ ಕಾಮಾದ ನಂತರದ ಭಾಗಕ್ಕೆ ಅಡಿಗೆರೆ. ಉತ್ತರ ‘ಡಿ’: ಆ ಹೆಂಗಸು ಕೋಣೆಗೆ ಬೀಗ ಹಾಕಿದಳು. ಪೆನ್ಸಿಲಿನಿಂದ ‘ಡಿ’ಯ ಸೊನ್ನೆ ತುಂಬಿದೆ. ತುಂಬಿ ಪೆನ್ಸಿಲ್ ಎತ್ತಲು ಆಗಲಿಲ್ಲ.

ನೆಲ ಒರೆಸಿದವಳನ್ನು ಈ ಕಾಗದದ ಮೇಲೆ ಅವಳ ಜಾಗದಲ್ಲಿ ನಿಲ್ಲಿಸಿದರೆ ಒಂದು ಅಂಕ ಕೊಡುತ್ತಾರೆ. ಆಸ್ಪತ್ರೆಯಲ್ಲಿ ನಿಲ್ಲಿಸಿದರೆ ಕೆಲಸ ಹೋಗುತ್ತದೆ. ಎರಡೂ ಕಡೆ ಮೇಜಿನ ಆ ಬದಿ ಕೂತು ತೀರ್ಮಾನ ಮಾಡುವವರು ಅದೇ ದೊಡ್ಡವರು.

ಸಿಟ್ಟು ಬಂತು. ಆದರೂ ಪರೀಕ್ಷೆ ಪೂರ್ತಿ ಬರೆದೆ. ನೂರಕ್ಕೆ ನೂರೂ ತುಂಬಿದೆ. ಅರ್ಧಕ್ಕೆ ಬಿಟ್ಟು ಎದ್ದುಹೋದರೆ, ‘ಉತ್ತರ ಬರಲಿಲ್ಲ, ಅದಕ್ಕೇ ಎದ್ದಳು’ ಅನ್ನುತ್ತಾರೆ.

ಹೊರಗೆ ಬಂದವಳು ನೇರ ಆ ಮರದ ಕೆಳಗೆ ಹೋದೆ. ತಾಯಿಯ ಪಕ್ಕ ಕೂತೆ.

“ನಿಮ್ಮ ಮಗಳ ಹೃದಯ ಚೆನ್ನಾಗಿತ್ತು. ಶ್ವಾಸಕೋಶ ಸುಟ್ಟುಹೋಗಿತ್ತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ.”

ಅವಳು ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಆಮೇಲೆ, “ಇದನ್ನ ಬರೆದು ಕೊಡ್ತೀರಾ?” ಅಂದಳು.

ಗೈಡಿನ ಹಿಂದಿನ ಖಾಲಿ ಹಾಳೆ ಹರಿದೆ. ಇಂಗ್ಲಿಷಿನಲ್ಲೇ ಬರೆದೆ. ಸುಳ್ಳು ಆ ಭಾಷೆಯಲ್ಲಿತ್ತು, ಅದರ ಉತ್ತರವೂ ಅಲ್ಲೇ ಇರಲಿ ಅನ್ನಿಸಿತು. ದೇಹವನ್ನು ತೆರೆದು, ಹೃದಯ ಚೆನ್ನಾಗಿದ್ದುದನ್ನು ನಾನು ಕಂಡೆ. ಶ್ವಾಸಕೋಶಗಳು ಸುಟ್ಟಿದ್ದವು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ನಾಲ್ಕು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಕೆಳಗೆ ನನ್ನ ಸಹಿ. ಅವತ್ತೇ ಇಬ್ಬರೂ ಹೋಗಿ, ಇಂಥ ಸಾವಿನ ವಿಚಾರಣೆ ಮಾಡುವ ಸರ್ಕಾರಿ ಕಚೇರಿಯಲ್ಲಿ ಕೊಟ್ಟೆವು.

ವಿಚಾರಣೆಗೆ ಕರೆದರು. ಉದ್ದನೆಯ ಮೇಜು. ಆ ಕಡೆ ಅಧಿಕಾರಿ, ವಯಸ್ಸಾದವರು. ಈ ಕಡೆ ಡಾಕ್ಟರು, ಕಾರ್ಖಾನೆಯ ವಕೀಲ. ತಾಯಿಗೆ ಒಂದು ಕುರ್ಚಿ ಕೊಟ್ಟರು. ನನಗೆ ಕೊಡಲಿಲ್ಲ, ನಿಂತೇ ಇದ್ದೆ.

“ಈಕೆ ಶವಾಗಾರ ತೊಳೆಯೋ ಕೂಲಿಯವಳು,” ಅಂದರು ಡಾಕ್ಟರು. “ಇಂಗ್ಲಿಷ್ ಬರಲ್ಲ. ಯಾರೋ ಬರೆದುಕೊಟ್ಟಿದ್ದಾರೆ.”

ವಕೀಲ ನನ್ನ ಕಾಗದ ಎತ್ತಿದ. “‘ದಿ ಲಂಗ್ಸ್ ವಾಸ್’ ಅಂತಿದೆ. ಲಂಗ್ಸ್ ವಾಸ್!” ಅಧಿಕಾರಿಯ ಕಡೆ ತಿರುಗಿ ನಕ್ಕ. “ಒಂದು ಸಾಲು ನೆಟ್ಟಗೆ ಬರೆಯೋಕೆ ಬಾರದವರ ಮಾತಿನ ಮೇಲೆ ಒಬ್ಬ ವೈದ್ಯರನ್ನ ಅನುಮಾನಿಸಬೇಕಾ ಸಾರ್?”

ಅವನು ಹೇಳಿದ್ದು ಸರಿ. ಆತುರದಲ್ಲಿ ತಪ್ಪು ಬರೆದಿದ್ದೆ. ಗೈಡಿನಲ್ಲಿ ಮೊದಲ ಪಾಠವೇ ಅದು.

“‘ವರ್’ ಆಗಬೇಕಿತ್ತು,” ಅಂದೆ. “ತಿದ್ಕೊಳ್ಳಿ. ವಾಸ್ ಅಂದ್ರೂ ಸುಟ್ಟಿತ್ತು, ವರ್ ಅಂದ್ರೂ ಸುಟ್ಟಿತ್ತು.”

ವಕೀಲನ ನಗು ನಿಂತಿತು. ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಡಾಕ್ಟರನ್ನು ಕೇಳಿದರು:

“ದೇಹ ತೆರೆದವರು ನೀವೇ?”

“ಹೌದು.”

“ಹೊಲಿದದ್ದು?”

“ನನ್ನ ಎದುರಿಗೇ ಹೊಲಿದದ್ದು.”

“ದಾರ ಯಾವ ಬಣ್ಣ?”

ಡಾಕ್ಟರು ಒಂದು ಕ್ಷಣ ತಡೆದರು. “ಬಿಳಿ. ಯಾವಾಗಲೂ ಬಿಳೀನೇ.”

ಅಧಿಕಾರಿ ನನ್ನ ಕಡೆ ತಿರುಗಿದರು.

“ಕಪ್ಪು,” ಅಂದೆ. “ಸ್ಟೋರಲ್ಲಿ ಬಿಳಿ ಮುಗಿದಿತ್ತು. ನಾನು ಮನೆಯಿಂದ ತಂದದ್ದು. ಹೋಗಿ ನೋಡಿ.”

ಹೋಗಿ ನೋಡಿದರು. ಅವತ್ತೇ ಆ ಹುಡುಗಿಯನ್ನು ಬೇರೆ ಊರಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಬೇರೆ ಡಾಕ್ಟರು ಮತ್ತೊಮ್ಮೆ ನೋಡಬೇಕು ಅಂತ ಆಜ್ಞೆ ಆಯಿತು. ನನ್ನನ್ನು ಜೊತೆಗೆ ಬಿಡಲಿಲ್ಲ. ಮಾರನೇ ದಿನ ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ನನ್ನನ್ನು ತಡೆದ. ದಿನಗೂಲಿಯವಳಿಗೆ ನಾಳೆಯಿಂದ ಬರಬೇಡ ಅನ್ನಲು ಕಾಗದವೂ ಬೇಕಿಲ್ಲ. ಒಳಗೆ ನನ್ನ ಊಟದ ಡಬ್ಬಿ ಇತ್ತು. ಅದನ್ನು ಅವನೇ ತಂದುಕೊಟ್ಟ, ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು.

ಫಲಿತಾಂಶ ಬಂತು. ನೂರಕ್ಕೆ ಎಂಬತ್ತೊಂದು. ಟ್ಯೂಷನ್ ಮನೆಯ ಬೋರ್ಡಿನಲ್ಲಿ ಮೇಷ್ಟ್ರು ನನ್ನ ನಂಬರು ಎಲ್ಲಕ್ಕಿಂತ ಮೇಲೆ ಬರೆದರು. ಆಯ್ಕೆ ಸಮಿತಿ ಆ ಹುದ್ದೆಗೆ ಸ್ಟೋರಿನವನ ತಮ್ಮನನ್ನು ತೆಗೆದುಕೊಂಡಿತು. ಅವನು ಮೊದಲ ಹೆಣ ನೋಡಿ ರಜೆ ಹಾಕಿ ಹೋದನಂತೆ. ಭಾನುವಾರ ಮಗಳಿಗೆ ಎಲ್ಲ ಹೇಳಿದೆ. “ಒಳ್ಳೇದಾಯ್ತು ಬಿಡಮ್ಮ, ಆ ಕೆಲಸ ಹೋಗಿದ್ದೇ ಒಳ್ಳೇದು,” ಅಂದಳು. ಎಂಬತ್ತೊಂದರ ಬಗ್ಗೆ ಕೇಳಲಿಲ್ಲ.

ಎರಡನೇ ವರದಿ ಬಂದಾಗ ತಾಯಿ ಅದನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಇನ್ನು ಹೆಣ ಇಡಲಾಗದು ಅಂತ ಅಲ್ಲಿಂದ ಕೊಟ್ಟುಬಿಟ್ಟಿದ್ದರು, ಮಗಳನ್ನು ಆಗಲೇ ಮಣ್ಣು ಮಾಡಿದ್ದರು. ಕಾಗದ ಬಿಡಿಸಿ ಒಂದೊಂದೇ ಸಾಲು ನಮ್ಮ ಭಾಷೆಯಲ್ಲಿ ಓದಿ ಹೇಳಿದೆ. ಶ್ವಾಸಕೋಶಗಳು ವಿಷಗಾಳಿಯಿಂದ ಹಾನಿಗೊಂಡಿವೆ. ಹೃದಯದಲ್ಲಿ ರೋಗದ ಲಕ್ಷಣವಿಲ್ಲ. ಅವಳು ಅಳಲಿಲ್ಲ. ಕಾರ್ಖಾನೆ ಮುಚ್ಚಿಸಿದ್ದರು, ಮೊನ್ನೆ ಮತ್ತೆ ತೆರೆದರು ಅಂದಳು. ಡಾಕ್ಟರಿಗೆ ಬೇರೆ ಊರಿಗೆ ವರ್ಗ ಆಗಿದೆ ಅಂತ ನಾನು ಹೇಳಿದೆ.

“ಅಕ್ಕಾ,” ಅಂದಳು. “ಎರಡನೇ ಸಲ ಕೊಯ್ದ ಮೇಲೆ ಯಾರು ಹೊಲಿದ್ರು? ಚೆನ್ನಾಗಿ ಹೊಲಿದಿದ್ದಾರಾ? ಬಟ್ಟೆ ಸುತ್ತಿಯೇ ಕೊಟ್ಟರು. ಮುಖ ಬಿಟ್ಟು ಏನೂ ನೋಡೋಕೆ ಬಿಡಲಿಲ್ಲ.”

ವರದಿ ಮತ್ತೆ ಮೊದಲಿನಿಂದ ಓದಿದೆ. ತೆರೆಯಲಾಯಿತು. ಪರೀಕ್ಷಿಸಲಾಯಿತು. ಹೊಲಿಯಲಾಯಿತು.

“ಬರೆದಿಲ್ಲ,” ಅಂದೆ.

ಅವಳ ಮುಖ ನೋಡಲಾಗಲಿಲ್ಲ. ಮಾರನೇ ದಿನ ಬಸ್ಸು ಹತ್ತಿದೆ.

ಆ ಬೇರೆ ಊರಿನ ಆಸ್ಪತ್ರೆಯ ಶವಾಗಾರ ಹಿಂದುಗಡೆ ಇತ್ತು, ಬಟ್ಟೆ ಒಗೆಯುವ ಮನೆ ದಾಟಿ, ಕಸದ ರಾಶಿ ದಾಟಿ. ಯಾರನ್ನೂ ಕೇಳದೆ ಕಂಡುಹಿಡಿದೆ. ಬಾಗಿಲ ಹೊರಗೆ ಒಬ್ಬ ಕೂತು ಒಬ್ಬನೇ ಊಟ ಮಾಡುತ್ತಿದ್ದ. ತಲೆ ನರೆತಿತ್ತು. ಅವನಿಂದ ಆ ವಾಸನೆ ಬರುತ್ತಿತ್ತು. ನಾನು ಹೋಗಿ ಅವನ ಪಕ್ಕ ಕೂತೆ. ಅವನು ಗಾಬರಿಯಿಂದ ಸರಿದು ಜಾಗ ಬಿಟ್ಟ.

“ಸರಿಯೋದು ಬೇಡ ಅಣ್ಣ,” ಅಂದೆ. “ನಾನೂ ಇದೇ ಕೆಲಸದವಳು.”

ಅವನು ನನ್ನ ಕೈ ನೋಡಿದ.

“ಬಣ್ಣದ ಕಾರ್ಖಾನೆ ಹುಡುಗಿ. ಉಗುರಲ್ಲಿ ನೀಲಿ ಇತ್ತು. ಅವಳನ್ನ ಹೊಲಿದದ್ದು ನೀವಾ?”

ಅವನು ತುತ್ತು ನುಂಗಲು ತಡಮಾಡಿದ. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ ಅಂತ ಕಾಣುತ್ತದೆ.

“ಹೌದು,” ಅಂದ. “ಕಪ್ಪು ದಾರದ ಹುಡುಗಿ. ಅದು ನಿಮ್ಮ ಹೊಲಿಗೆಯಾ?”

“ಹ್ಞೂಂ. ಅವಳ ತಾಯಿ ಕೇಳ್ತಿದ್ದಾಳೆ. ಹೇಗೆ ಹೊಲಿದ್ರಿ?”

ಅವನು ಡಬ್ಬಿ ಕೆಳಗಿಟ್ಟ. ಗಾಳಿಯಲ್ಲೇ ಬೆರಳು ಹಿಡಿದು ಸೂಜಿ ಎಳೆದು ತೋರಿಸಿದ, ಸಣ್ಣಗೆ, ಒತ್ತೊತ್ತಾಗಿ.

“ನಿಮ್ಮ ಹೊಲಿಗೆ ಬಿಚ್ಚೋಕೇ ಮನಸ್ಸು ಬರಲಿಲ್ಲ ನನಗೆ. ಡಾಕ್ಟರು ಬಿಚ್ಚು ಅಂದ್ರು, ಬಿಚ್ಚಿದೆ. ಆಮೇಲೆ ನೀವು ಸೂಜಿ ಹಾಕಿದ್ದ ತೂತುಗಳಲ್ಲೇ ದಾರ ಪೋಣಿಸ್ಕೊಂಡು ಹೋದೆ. ಅವಳ ಮೈಗೆ ಇನ್ನೊಂದು ಹೊಸ ತೂತು ಮಾಡಲಿಲ್ಲ. ಹಾಗಂತ ಹೇಳಿ ಅವರಿಗೆ.”